ಚೊಗರಿನ ಶಾಯಿ

ಅಡಿಕೆ ಮಂಡಿಯಲ್ಲಿ ತಮ್ಮ ಅಣ್ಣನ, ಅಂದರೆ ನನ್ನ ಭಾವನ ಪಕ್ಕ ಕೂತು ಲೆಕ್ಕ ಬರೆಯುವುದನ್ನು ಬಿಟ್ಟು ನನ್ನ ಗಂಡ ಶಾಯಿ ಮಾಡಲು ಹೊರಟಾಗ ನಮಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ.

"ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ದೀಪಾವಳಿ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸುಮ್ನೆ ಬಂದು ಮಂಡೀಲಿ ಕೂತ್ಕೋಬೇಕು" ಎಂದರು ಭಾವ.

ಮಂಡಿಗೆ ಹೋಗುತ್ತಿದ್ದಾಗ ಇವರು ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಈಗ ಉಣ್ಣುತ್ತಲೇ ಶಾಯಿಯ ಬಣ್ಣದ ವಿಷಯ ಮಾತಾಡುತ್ತಿದ್ದರು. ಆ ಮನುಷ್ಯ ಮತ್ತೆ ಮೂಕನಾಗುವುದು ನನಗೆ ಸುತರಾಂ ಬೇಡವಾಗಿತ್ತು.

ಶಾಯಿಯ ದಾರಿ ತೋರಿಸಿದ್ದು ಭದ್ರಾವತಿಯಲ್ಲಿ ಸಣ್ಣ ಉದ್ಯಮದವರಿಗೆಂದು ಸರ್ಕಾರ ತೆರೆದಿದ್ದ ಪ್ರಯೋಗ ಕೇಂದ್ರ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕಂದು ಚೊಗರಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿದರೆ ಕಪ್ಪಾಗುತ್ತದೆ. ಕಪ್ಪೇನೋ ಆಯಿತು. ಬರೆಯಹೋದರೆ ಮಾತ್ರ ನಿಬ್ಬು ಕಟ್ಟಿಕೊಳ್ಳುತ್ತಿತ್ತು. ಎಷ್ಟು ಸೋಸಿದರೂ ಅದೇ ಹಾಡು. ಶ್ರಾವಣ ಕಳೆಯಿತು, ಇವರ ಮಾತೂ ಕಡಿಮೆಯಾಯಿತು.

ಅಷ್ಟರಲ್ಲಿ ಆ ದರಿದ್ರ ಶಾಯಿ ನನ್ನ ತವರಿನ ಸೀರೆಯ ಮೇಲೆ ಚೆಲ್ಲಿತು. ಸೋಪು ಹಾಕಿದೆ, ಸೋಡಾದಲ್ಲಿ ಕುದಿಸಿದೆ, ಕಲ್ಲಿಗೆ ಬಡಿದೆ. ಸೀರೆ ಹಿಸಿಯಿತೇ ಹೊರತು ಕಲೆ ಅಲುಗಲಿಲ್ಲ. ಸಿಟ್ಟು ನೆತ್ತಿಗೇರಿ, ಇವರನ್ನೂ ಎಳೆದುಕೊಂಡು ಬಸ್ಸು ಹತ್ತಿ, ಸೀರೆಯನ್ನು ಕೇಂದ್ರದ ಕೆಮಿಸ್ಟರ ಮೇಜಿನ ಮೇಲೆ ಹಾಕಿದೆ.

"ನೋಡಿ ಸಾರ್ ನಿಮ್ಮ ಶಾಯಿ! ಬರೆಯೋಕೂ ಆಗಲ್ಲ, ತೊಳೆಯೋಕೂ ಆಗಲ್ಲ."

ಅವರು ಸಿಟ್ಟಾಗಲಿಲ್ಲ. ಕಲೆಯನ್ನು ಬೆಳಕಿಗೆ ಹಿಡಿದು ನಕ್ಕರು. "ತೊಳೆದರೂ ಹೋಗಬಾರದು ಅನ್ನೋ ಗುರುತು ಎಲ್ಲಿ ಬೇಕಾಗುತ್ತಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಇವರು ಕೂಗಿದರು: "ಮೂಟೆ ಮೇಲೆ! ಮಳೆಗೆ ಗುರುತು ಅಳಿಸಿ, ಯಾರ ಮೂಟೆ ಯಾವುದು ಅಂತ ಮಂಡೀಲಿ ದಿನಾ ಜಗಳ ಸಾರ್!"

ಕೆಮಿಸ್ಟರು ಅಂದೇ ಕೆಲಸಕ್ಕಿಳಿದರು. ಗೋಂದು ಬೆರೆಸಿ ಮಂದ ಮಾಡಿದರು, ಗೋಣಿಯ ತುಂಡುಗಳಿಗೆ ಬಳಿದು ನೆನೆಹಾಕಿದರು, ಒಣಗಿಸಿದರು, ಅಳತೆ ಬದಲಿಸಿ ಮತ್ತೆ ಬಳಿದರು. ಸರಿಹೋದ ಗೋಣಿಯನ್ನು ನಾವು ನಮ್ಮ ಅಂಗಳದ ಮಳೆಗೆ ಬಿಟ್ಟೆವು. ಭಾವ ಬಂದಾಗೆಲ್ಲ ಅದನ್ನು ಕಾಲಿನಿಂದ ಒರೆಸಿ ನೋಡಿ ಹೋಗುತ್ತಿದ್ದರು.

ದೀಪಾವಳಿಯ ಮುಂಚಿನ ವಾರ ಭಾವ ಊಟಕ್ಕೆ ಬಂದರು. ಬಚ್ಚಲಲ್ಲಿ ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲಲಿಲ್ಲ. ಹೋಗಿ ನೋಡಿದರೆ ಕೈಗೆ ಸೋಪು ಉಜ್ಜುತ್ತಿದ್ದಾರೆ. ಬೆರಳೆಲ್ಲ ಕಪ್ಪು. ಯಾರಿಗೂ ಹೇಳದೆ ನಮ್ಮ ಶಾಯಿ ಒಯ್ದು, ತಮ್ಮ ಮೂಟೆಗಳಿಗೆಲ್ಲ ತಾವೇ ಗುರುತು ಹಾಕಿ ಬಂದಿದ್ದರು.

"ಇದು ಹೋಗೋದೇ ಇಲ್ವಲ್ಲೇ ಮಾರಾಯ್ತಿ!"

"ಹೋಗಲ್ಲ ಭಾವ" ಎಂದೆ. "ಇವರೂ ಇನ್ನು ಮಂಡಿಗೆ ಬರಲ್ಲ."