ಪೆಟ್ಟಿಗೆ ಮೆಟ್ಟಿಲು ಹತ್ತಿದ ಮನೆ

"ಜೈಕರನ್ ಮನೆಗೆ ಇಬ್ಬರು ಯಜಮಾನರು. ಮೇಲೆ ಹೆಂಡತಿ, ಕೆಳಗೆ ಸರ್ಕಾರ. ಪಾಪ, ಅವನ ಪಾಲಿಗೆ ಉಳಿದಿರೋದು ಮಧ್ಯದ ಮೆಟ್ಟಿಲು ಒಂದೇ" ಎಂದು ಫೇರ್ ಪ್ರಾಸ್ಪೆಕ್ಟಿನ ಜನ ಆಡಿಕೊಳ್ಳುತ್ತಿದ್ದರು. ಈ ಮಾತಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಜೈಕರನೇ. ಆಮೇಲೆ ಒಂದು ಕಾಲ ಬಂತು. ಆಡುವವರೂ ಆಡಲಿಲ್ಲ, ನಗುವವನೂ ನಗಲಿಲ್ಲ.

ದೆಮೆರಾರಾ ನದಿಯ ದಂಡೆಯ ಆ ಊರಿನಲ್ಲಿ ಮನೆಗಳೆಲ್ಲ ಕಂಬದ ಮೇಲೆ ನಿಂತವು. ಉಬ್ಬರ ಬಂದರೆ ನದಿ ನೆಲಕ್ಕಿಂತ ಎತ್ತರ; ತೂಬಿನ ಬಾಗಿಲು ಗಟ್ಟಿಯಿದ್ದರೆ ಊರು ಒಣಗಿರುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಜನ ಮಲಗುವುದು ಮೇಲೆ, ಬದುಕುವುದು ಕೆಳಗೆ. ಕಂಬಗಳ ನಡುವಿನ ಕೆಳಮನೆಯಲ್ಲೇ ಜೋಲಿ, ಒಲೆ, ಕೋಳಿ, ಮದುವೆ, ತಿಥಿ ಎಲ್ಲ. ಜೈಕರನ್‌ನ ಕೆಳಮನೆ ಆ ಸಾಲಿಗೇ ದೊಡ್ಡದು. ಚುನಾವಣೆ ಬಂದಾಗಲೆಲ್ಲ ಅಧಿಕಾರಿಗಳು ಮತಪೆಟ್ಟಿಗೆಯನ್ನು ಅಲ್ಲೇ ತಂದಿಡುತ್ತಿದ್ದರು. ಗೋಡೆಯಿಲ್ಲದ ಜಾಗ; ಕಾಲುವೆಯ ಈಚೆಯ ಭಾರತ ಮೂಲದವರಿಗೂ ಆಚೆಯ ಆಫ್ರಿಕಾ ಮೂಲದವರಿಗೂ ಪೆಟ್ಟಿಗೆ ಸದಾ ಕಾಣುತ್ತಿತ್ತು. ಕಾಣುತ್ತಿರುವಷ್ಟು ಹೊತ್ತು ಯಾರಿಗೂ ಅನುಮಾನವಿಲ್ಲ. ಅದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ಆದರೆ ಊರಿಗೆ ಊರೇ ಅದನ್ನು ಪಾಲಿಸುತ್ತಿತ್ತು.

ಆ ಮನೆ ಕಟ್ಟಿದವನು ಕಾಲುವೆಯಾಚೆಯ ಬಡಗಿ ಕ್ಲೇರ್ಮಾಂಟ್. ಇಬ್ಬರೂ ಒಂದೇ ಕಾಲುವೆಗೆ ಹಾರಿ ಈಜು ಕಲಿತವರು, ಒಂದೇ ಮೇಷ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಮತದಾನದ ದಿನ ಒಬ್ಬೊಬ್ಬರದು ಒಂದೊಂದು ಪಕ್ಷ, ಉಳಿದ ದಿನವೆಲ್ಲ ಒಂದೇ ಬೆಂಚು. ಕ್ಲೇರ್ಮಾಂಟ್ ತನ್ನ ಪಕ್ಷದ ಏಜೆಂಟಾಗಿ ಆ ಕೆಳಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದ. ಜೈಕರನ್‌ನ ಹೆಂಡತಿ ಸುಮಿಂತ್ರಾ ಅವನಿಗೂ ಎದುರು ಪಕ್ಷದ ಏಜೆಂಟನಿಗೂ ಒಂದೇ ಕೆಟಲಿನ ಚಹಾ ಸುರಿಯುತ್ತಿದ್ದಳು.

ಜೈಕರನ್‌ನದು ಬಾಡಿಗೆ ಕಾರು. ವಿಮಾನ ನಿಲ್ದಾಣದಿಂದ ಜಾರ್ಜ್‌ಟೌನಿಗೆ, ಜಾರ್ಜ್‌ಟೌನಿನಿಂದ ವಿಮಾನ ನಿಲ್ದಾಣಕ್ಕೆ. ಸಮುದ್ರದಲ್ಲಿ ಎಣ್ಣೆ ಸಿಕ್ಕಿದ ಮೇಲೆ ಬಂದಿಳಿಯುವವರ ಮುಖವೇ ಬದಲಾಯಿತು. ಮೊದಲು ಅಳುತ್ತ ಬಂದು ಅಳುತ್ತ ಹೋಗುವ ನೆಂಟರು; ಈಗ ಟೋಪಿಯ ಎಂಜಿನಿಯರುಗಳು, ಜಾಗ ಹುಡುಕುವವರು, ಕ್ಯಾಮೆರಾ ಹಿಡಿದವರು. ಎಲ್ಲರೂ ಕಿಟಕಿ ಇಳಿಸಿ ಒಂದೇ ಮಾತು ಹೇಳುತ್ತಿದ್ದರು: ಅಬ್ಬಾ, ಎಷ್ಟು ಬೇಗ ಬೆಳೀತಿದೆ! ಜೈಕರನ್ ತಲೆಯಾಡಿಸುತ್ತಿದ್ದ. ಮುಂದಿನ ಲಾರಿ ಕದಲುತ್ತಿರಲಿಲ್ಲ, ಹಿಂದಿನ ಲಾರಿ ಹಾರ್ನ್ ನಿಲ್ಲಿಸುತ್ತಿರಲಿಲ್ಲ. ಬೆಳೆಯುವ ದೇಶದ ನಡುವೆ ಅವನ ಬಲಗಾಲು ಬ್ರೇಕಿನ ಮೇಲೆ ಮರಗಟ್ಟಿ ಹೋಗುತ್ತಿತ್ತು.

ಒಂದು ಚುನಾವಣೆಯ ದಿನ ಮಧ್ಯಾಹ್ನ ಮಳೆ ಹೊಯ್ಯಿತು. ಅದೇ ಹೊತ್ತಿಗೆ ದೊಡ್ಡ ಉಬ್ಬರ. ತುಕ್ಕು ಹಿಡಿದ ತೂಬು ಬಿಟ್ಟುಕೊಟ್ಟಿತು. ಕಾಲುವೆ ತುಂಬಿ ನೀರು ಕೆಳಮನೆಗೆ ನುಗ್ಗಿತು. ಸಾಲಿನಲ್ಲಿದ್ದವರು ಚದುರಿದರು. ಮತಗಟ್ಟೆಯ ಅಧಿಕಾರಿ ಹೊಸದಾಗಿ ಕೆಲಸಕ್ಕೆ ಸೇರಿದ ಶಾಲೆಯ ಟೀಚರ್. ಪೆಟ್ಟಿಗೆಯನ್ನು ಎದೆಗವಚಿಕೊಂಡು, ಪಾದ ಮುಳುಗುವ ನೀರಿನಲ್ಲಿ ನಿಂತು, "ಅಂಕಲ್, ಇದನ್ನ ಎಲ್ಲಿಡಲಿ?" ಎಂದಳು. ಕ್ಲೇರ್ಮಾಂಟ್ ಆಗಷ್ಟೇ ಊಟಕ್ಕೆ ಮನೆಗೆ ಹೋಗಿದ್ದ.

ಜೈಕರನ್ ಮಳೆಯಲ್ಲೇ ಓಡಿದ. ಕಾಲುವೆ ದಾಟಲು ಹಾಕಿದ್ದ ಹಲಗೆಯವರೆಗೂ ಹೋದ. ಆಚೆಯ ಕಿಟಕಿಯಲ್ಲಿ ಕ್ಲೇರ್ಮಾಂಟ್ ತಟ್ಟೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಉಣ್ಣುವವನನ್ನು ಎಬ್ಬಿಸಬಾರದು. ಸಾವಿನ ಸುದ್ದಿ ತಂದವನೂ ತಟ್ಟೆ ಖಾಲಿಯಾಗುವವರೆಗೆ ಬಾಗಿಲಲ್ಲಿ ನಿಲ್ಲಬೇಕು ಎಂದು ಅವನ ತಾಯಿ ಕಲಿಸಿದ್ದಳು. ಜೈಕರನ್ ಹಿಂದಿರುಗಿದ. "ಮೇಲೆ ತನ್ನಿ ಟೀಚರ್, ಒದ್ದೆಯಾಗುತ್ತೆ" ಎಂದ. ಟೀಚರ್, ಪೊಲೀಸಿನವನು, ಎದುರು ಪಕ್ಷದ ಏಜೆಂಟ್, ಅವರ ಹಿಂದೆ ಜೈಕರನ್. ಹೀಗೆ ಪೆಟ್ಟಿಗೆ ಮೆಟ್ಟಿಲು ಹತ್ತಿ, ಗೋಡೆಗಳ ಒಳಗೆ ಹೋಗಿ, ನೀರಿಳಿಯುವವರೆಗೆ ಊಟದ ಮೇಜಿನ ಮೇಲೆ ಕೂತಿತು.

ಸಂಜೆ ಎಣಿಕೆಯಾಯಿತು. ಕ್ಲೇರ್ಮಾಂಟ್ ರುಜು ಹಾಕಿದ. ಪೆಟ್ಟಿಗೆ ಮೇಲೆ ಹೋಗಿತ್ತೆಂದು ಕೇಳಿ, "ಸುಮಿಂತ್ರಾ ಅದಕ್ಕೂ ಚಹಾ ಕೊಟ್ಟಳಾ?" ಎಂದು ನಕ್ಕ. ಅಷ್ಟೇ ಆಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಆದರೆ ಆ ಸಲ ದೇಶದ ಲೆಕ್ಕ ಮುಗಿಯಲಿಲ್ಲ. ತಿಂಗಳುಗಟ್ಟಲೆ ಎಣಿಕೆ, ಮರುಎಣಿಕೆ, ಕೋರ್ಟು. ಒಂದೊಂದು ಊರಿನಿಂದಲೂ ಒಂದೊಂದು ಪೆಟ್ಟಿಗೆಯ ಕಥೆ ಹೊರಟಿತು. ಫೇರ್ ಪ್ರಾಸ್ಪೆಕ್ಟಿನಿಂದ ಹೊರಟದ್ದು ಮೆಟ್ಟಿಲು ಹತ್ತಿದ ಪೆಟ್ಟಿಗೆಯ ಕಥೆ: ಗೋಡೆಗಳ ಒಳಗೆ ಮತ ಬದಲಾಯಿತಂತೆ. ಮರುಎಣಿಕೆಯಲ್ಲಿ ಆ ಪೆಟ್ಟಿಗೆ ಸರಿಯಾಗಿಯೇ ಇತ್ತು. ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಪಕ್ಷದ ಕಚೇರಿಯಲ್ಲಿ ಎಲ್ಲರ ಮುಂದೆ ಕ್ಲೇರ್ಮಾಂಟನನ್ನು ನಿಲ್ಲಿಸಿ, "ಪೆಟ್ಟಿಗೆ ಮೆಟ್ಟಿಲು ಹತ್ತುವಾಗ ನೀನೆಲ್ಲಿದ್ದೆ?" ಎಂದರಂತೆ. "ಉಣ್ತಿದ್ದೆ" ಎಂದನಂತೆ. ಆಮೇಲೆ ಅವನನ್ನು ಏಜೆಂಟ್ ಮಾಡಲಿಲ್ಲ. ಮಾರಾಟವಾದವನೆಂದು ಕೆಲವರು, ಹೊಟ್ಟೆಬಾಕನೆಂದು ಕೆಲವರು. ಎರಡನೆಯದೇ ಅವನಿಗೆ ಹೆಚ್ಚು ಚುಚ್ಚಿತು.

ಅಂದಿನಿಂದ ಅವನು ಹಲಗೆ ದಾಟಲಿಲ್ಲ. ಬೈಗುಳವಿಲ್ಲ, ಕೂಗಾಟವಿಲ್ಲ. ಬೆಂಚಿನ ಮೇಲೆ ಒಬ್ಬನೇ ಕೂತ ಜೈಕರನ್‌ನನ್ನು ಕಂಬವನ್ನು ಕಂಡಂತೆ ಕಂಡು ಆಚೆಯ ದಂಡೆಯಲ್ಲೇ ಮುಂದೆ ಹೋಗುತ್ತಿದ್ದ. ಅವನ ಹೆಂಡತಿ ಯೂಲಿ ಮಾತ್ರ ದಿನವೂ ಕಾಲುವೆಯಾಚೆಯಿಂದ ಕೂಗುತ್ತಿದ್ದಳು.

"ನೆರೆಯವ್ರೇ, ಇನ್ನೂ ಬದುಕಿದ್ದೀರಾ?"

"ಟ್ರಾಫಿಕ್ ಬಿಟ್ಟರೆ ಬದುಕ್ತೀನಿ, ಮಿಸ್ ಯೂಲಿ."

"ನಮ್ಮನೆ ಮೂಗ ಒಳಗಿದ್ದಾನೆ. ನಿಮ್ಮಿಬ್ಬರ ಮುನಿಸಿಗೆ ನನ್ನ ಬಾಯಿಗೆ ಯಾಕೆ ಬೀಗ? ತಗೊಳ್ಳಿ, ಬಾಳೆಕಾಯಿ ಹೆಚ್ಚಾಗಿದೆ."

ಕಿಟಕಿಯಲ್ಲಿ ಕಂಡದ್ದನ್ನು ಅವಳಿಗಾದರೂ ಹೇಳಿಬಿಡೋಣವೆಂದು ಜೈಕರನ್ ಎಷ್ಟೋ ಸಲ ಬಾಯಿ ತೆರೆದ. ಬಾಳೆಕಾಯಿ ತೆಗೆದುಕೊಂಡು ಬಾಯಿ ಮುಚ್ಚಿದ.

ಮುಂದಿನ ಚುನಾವಣೆಗೆ ಪೆಟ್ಟಿಗೆ ಶಾಲೆಗೆ ಹೋಯಿತು. ಊರಿನ ಹುಡುಗರು ಅಪ್ಪಂದಿರ ಎರಡೂ ಪಕ್ಷ ಬಿಟ್ಟು ಮೂರನೆಯವರ ಅಂಗಿ ತೊಟ್ಟು ಓಡಾಡಿದರು. ಯಾವುದಕ್ಕಾಗಿ ಕ್ಲೇರ್ಮಾಂಟ್ ಮಾತು ಬಿಟ್ಟಿದ್ದನೋ ಆ ರಾಜಕೀಯವೇ ಹಳತಾಯಿತು. ಮುನಿಸು ಮಾತ್ರ ಹಾಗೇ ಇತ್ತು.

ಒಂದು ದಿನ ಕಾರಿಗೆ ಹತ್ತಿದವಳು ಟೊರಾಂಟೊದಿಂದ ಬಂದ ಹೆಂಗಸು; ಚಿಕ್ಕಂದಿನಲ್ಲೇ ಊರು ಬಿಟ್ಟವಳು.

"ಅಂಕಲ್, ಇದು ನಮ್ಮೂರೇನಾ?"

"ನಿಮ್ದೇ ತಾಯಿ. ಸ್ವಲ್ಪ ದಪ್ಪಗಾಗಿದೆ."

"ಇಲ್ಲೆಲ್ಲ ಕಬ್ಬಿನ ಗದ್ದೆ ಇತ್ತಲ್ಲ?"

"ಇದೆ. ಆ ಮಾಲ್ ಕೆಳಗಿದೆ."

"ಈಗ ಎಲ್ಲರೂ ಸಾಹುಕಾರರಂತೆ?"

"ಹೌದು ಮತ್ತೆ. ದಿನಾ ಅವರನ್ನ ಏರ್‌ಪೋರ್ಟಿಂದ ಕರ್ಕೊಂಡು ಬರೋನು ನಾನೇ ಅಲ್ವಾ?"

ಅವಳು ನಕ್ಕಳು. ಕಾರು ನಿಂತೇ ಇತ್ತು. ಮೆಲ್ಲನೆ ಕೇಳಿದಳು: "ನಮ್ಮವರು, ಅವರು... ಇನ್ನೂ ಜಗಳ ಆಡ್ತಾರಾ?"

"ಜಗಳ ಆಡೋಕಾದ್ರೂ ಮಾತಾಡ್ಬೇಕಲ್ಲ ತಾಯಿ" ಎಂದ ಜೈಕರನ್.

ಅದೇ ವಾರ ರಸ್ತೆಯವರು ಬಂದು ಅವನ ಕಂಬಗಳ ಮೇಲೆ ಕೆಂಪು ಗುರುತು ಬಳಿದು ಹೋದರು. ನಾಲ್ಕು ಸಾಲಿನ ರಸ್ತೆ ಕಾಲುವೆಯ ಈಚೆಗೇ ಬರುತ್ತದೆ. ಈಚೆಯ ಮನೆಗಳು ಹೋಗುತ್ತವೆ, ಆಚೆಯವು ಉಳಿಯುತ್ತವೆ. ದೂರದ ಹೊಸ ಬಡಾವಣೆಯಲ್ಲಿ ಮನೆ ಕೊಟ್ಟರು. ಸುಮಿಂತ್ರಾ ಮೊದಲೇ ಹೋಗಿ ಒಲೆ ಹೂಡಿದಳು. "ಅಲ್ಲಿ ಕೆಳಮನೆಯಿಲ್ಲ, ನೆಲದ ಮೇಲೇ ಮನೆ. ಬಂದವರು ನಿಂತು ಮಾತಾಡಿ ಹೋಗ್ತಾರೆ" ಎಂದು ಫೋನಿನಲ್ಲಿ ಹೇಳಿದಳು. ಜೈಕರನ್‌ಗೆ ಮನೆ ಬಿಡುವುದು ಅಷ್ಟು ಭಾರವಾಗಲಿಲ್ಲ. ದಣಿದಿದ್ದ, ಎಲ್ಲಾದರೂ ಮಲಗಿದರೆ ಸಾಕಾಗಿತ್ತು. ಆದರೆ ಹೀಗೇ ಹೋದರೆ, ತನ್ನನ್ನು ಕರೆಯಲಿಲ್ಲವೆಂಬುದನ್ನು ಕ್ಲೇರ್ಮಾಂಟ್ ಸಾಯುವವರೆಗೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತಾನೆ, ಕಿಟಕಿಯಲ್ಲಿ ಕಂಡದ್ದನ್ನು ತಾನೂ ಇಟ್ಟುಕೊಂಡಿರಬೇಕು. ಇದೊಂದು ಅವನನ್ನು ಕೂತಲ್ಲಿ ಕೂರಲು ಬಿಡಲಿಲ್ಲ.

ಮನೆಯ ಮರವನ್ನು ಬಿಚ್ಚಿಕೊಂಡು ಹೋಗಬಹುದೆಂದು ರಸ್ತೆಯವರು ಹೇಳಿದ್ದರು. ಜೈಕರನ್ ಕಾಲುವೆಯಾಚೆಗೆ ಕೂಗಿದ.

"ಮಿಸ್ ಯೂಲಿ, ಮರ ಎಲ್ಲಾ ನಿಮ್ಮ ಮೂಗನಿಗೆ. ಕಟ್ಟಿದವನೇ ಬಿಚ್ಚಲಿ ಅಂತ ಹೇಳಿ. ಬೇರೆಯವರು ಬಂದ್ರೆ ಸೀಳಿ ಹಾಕ್ತಾರೆ."

ಮರುದಿನ ಬೆಳಿಗ್ಗೆ ಹಲಗೆ ಕಿರುಗುಟ್ಟಿತು. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಹಾರೆ. ಕ್ಲೇರ್ಮಾಂಟ್‌ಗೆ ವಯಸ್ಸಾಗಿತ್ತು; ಕಾಲುವೆಯ ದೂರದಿಂದ ಅದು ಕಂಡಿರಲಿಲ್ಲ. ಜೈಕರನ್‌ನತ್ತ ನೋಡಲಿಲ್ಲ. ತೊಲೆಯನ್ನು ತಟ್ಟಿ, ತೊಲೆಗೇ ಹೇಳಿದ: "ನಿನಗಿನ್ನೂ ಆಯಸ್ಸಿದೆ. ನಿನ್ನ ಯಜಮಾನನಿಗೆ ಬುದ್ಧಿ ಒಂದಿಲ್ಲ."

"ತೊಲೆ ಜೊತೆ ಮಾತಾಡೋನಿಗೆ ಇದೆಯಾ?" ಎಂದ ಜೈಕರನ್.

ಕ್ಲೇರ್ಮಾಂಟ್ ಕಂಬದ ಬುಡ ನೋಡಿದ. ಜೈಕರನ್ ಬೆಂಚಿನ ಮೇಲೆ ಕುಸಿದು ಕೂತ. ನೆಪ ಹುಡುಕುವ ತ್ರಾಣವಿರಲಿಲ್ಲ, ನೇರವಾಗಿ ಹೇಳಿದ:

"ಆವತ್ತು ನಾನು ಬಂದಿದ್ದೆ ಕಣೋ."

"ಎಲ್ಲಿಗೆ?"

"ಹಲಗೆ ತನಕ. ನಿನ್ನ ಕರೆಯೋಕೆ. ನೀನು ಉಣ್ತಿದ್ದೆ."

ಹಾರೆ ನಿಂತಿತು. "ಏನು ಉಣ್ತಿದ್ದೆ ಹೇಳು ನೋಡೋಣ."

"ಮೆಟೆಮ್ಗಿ, ತೆಂಗಿನಹಾಲಿನ ಗೆಡ್ಡೆ ಸಾರು. ಕಡುಬನ್ನ ಬೆರಳಲ್ಲೇ ಮುರೀತಿದ್ದೆ. ಯೂಲಿ ಇನ್ನೊಂದು ಹಾಕೋಕೆ ಬಂದ್ಲು. ನೀನು ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದೆ. ಆಮೇಲೆ ಕೈ ತೆಗೆದೆ."

ಕ್ಲೇರ್ಮಾಂಟ್ ತಿರುಗಿ, ಎಷ್ಟೋ ವರ್ಷಗಳ ಮೇಲೆ, ಅವನ ಮುಖ ನೋಡಿದ.

"ನೋಡಿಯೂ ಕೂಗಲಿಲ್ಲ?"

"ಉಣ್ಣೋನನ್ನ ಹೇಗೋ ಎಬ್ಬಿಸೋದು? ಅಮ್ಮ ಹಾಗೆ ಕಲಿಸಿದ್ದು."

"ನಿಮ್ಮಮ್ಮ ಮತಪೆಟ್ಟಿಗೆಗೆ ಹೇಳಿದ್ದಲ್ಲ ಅದು, ಕತ್ತೆ!"

ಕಾಲುವೆಯಾಚೆ ಯೂಲಿ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದಳು.

"ಆಮೇಲಾದ್ರೂ ಯಾಕೆ ಬಾಯಿ ಬಿಡಲಿಲ್ಲ?" ಎಂದ ಕ್ಲೇರ್ಮಾಂಟ್, ದನಿ ತಗ್ಗಿಸಿ.

"ನಿಮ್ಮವರ ಮುಂದೆ ಹೇಳಿದ್ರೆ ಏನಾಗ್ತಿತ್ತು? ಹೌದು, ಅವನು ತಟ್ಟೆ ಮುಂದೆ ಕೂತಿದ್ದ, ನಾನೇ ಕಣ್ಣಾರೆ ಕಂಡೆ ಅಂತ ನಾನೂ ಒಂದು ಸಾಕ್ಷಿ ಹೇಳಿದ ಹಾಗೆ. ಅವರು ಆಡಿದ್ದು ಸಾಲದೂ ಅಂತ."

ಕ್ಲೇರ್ಮಾಂಟ್ ಬೆಂಚಿನ ಆ ತುದಿಯಲ್ಲಿ ಕೂತ. ರಸ್ತೆಯ ಲಾರಿಗಳ ಧೂಳು ಇಬ್ಬರ ಮೇಲೂ ಬೀಳುತ್ತಿತ್ತು.

"ನಂದೂ ತಪ್ಪೇ ಅನ್ನು. ಆ ಎರಡನೇ ಕಡುಬು ಬೇಕಿರಲಿಲ್ಲ" ಎಂದ ಕೊನೆಗೆ. ನಗು ಬರುವಂತಿತ್ತು, ಪೂರ್ತಿ ಬರಲಿಲ್ಲ. "ಕೋಪ ಯಾವಾಗಲೋ ಹೋಗಿತ್ತು ಕಣೋ. ಹಲಗೆ ದಾಟೋದು ಮರೆತು ಹೋಗಿತ್ತು, ಅಷ್ಟೇ. ಕರೆದಿದ್ರೆ ಬರ್ತಿದ್ದೆ. ಆವತ್ತೂ ಬರ್ತಿದ್ದೆ, ಆಮೇಲೂ ಬರ್ತಿದ್ದೆ."

ಮತ್ತೆ ಎದ್ದು ಕೆಲಸಕ್ಕೆ ಹೋದ. ತಬ್ಬಿಕೊಳ್ಳಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ, ಅದಕ್ಕೆಲ್ಲ ತಡವಾಗಿತ್ತು. ವಾರವೆಲ್ಲ ಅವನು ಒಳಗಿನ ಅಡ್ಡಗೋಡೆಗಳ ಹಲಗೆ ಬಿಚ್ಚಿದ, ಜೈಕರನ್ ಕೆಳಗೆ ಜೋಡಿಸಿದ. ಮಾತು ಮೊಳೆಯ ಬಗ್ಗೆ, ಮಂಡಿನೋವಿನ ಬಗ್ಗೆ, ತೂಬು ಇನ್ನೂ ದುರಸ್ತಿಯಾಗದ್ದರ ಬಗ್ಗೆ.

ಹೊರಡುವ ದಿನ ಕೊನೆಯ ಸಾಮಾನು ಮಧ್ಯಾಹ್ನದ ಹೊತ್ತಿಗೆ ಕಾರಿಗೇರಿತು. ಜೈಕರನ್ ಖಾಲಿ ಕೋಣೆಗಳಲ್ಲಿ ಒಮ್ಮೆ ಸುತ್ತಿ, ಮೆಟ್ಟಿಲಿಳಿದು ಬಂದ. ಕ್ಲೇರ್ಮಾಂಟ್ ಕಾಣಲಿಲ್ಲ. ಹಲಗೆಯವರೆಗೆ ಹೋದ. ಆಚೆಯ ಕಿಟಕಿಯಲ್ಲಿ ಅವನು ತಟ್ಟೆಯ ಮುಂದೆ ಕೂತಿದ್ದ. ಜೈಕರನ್‌ನ ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು. ಅದನ್ನು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡ.

"ಕ್ಲೇರ್ಮಾಂಟ್! ಏ ಕ್ಲೇರ್ಮಾಂಟ್!"

ಅವನು ತಟ್ಟೆ ಹಿಡಿದುಕೊಂಡೇ, ಬಾಯಿ ತುಂಬಿಕೊಂಡೇ ಹೊರಗೆ ಬಂದ. "ಏನೋ ನಿಂದು? ಉಣ್ತಿರೋದು ಕಾಣ್ಸಲ್ವಾ?"

"ಕಾಣ್ಸುತ್ತೆ. ಹೊರಟೆ."

ಕ್ಲೇರ್ಮಾಂಟ್ ತಟ್ಟೆ ನೋಡಿದ, ಅವನನ್ನು ನೋಡಿದ, ತಟ್ಟೆಯ ಸಮೇತ ಹಲಗೆ ದಾಟಿ ಕಾರಿನವರೆಗೂ ಬಂದ. ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ. ಕಾರಿನ ಮೂಗು ತೂರಿಸಲು ಯಾರೂ ಜಾಗ ಬಿಡಲಿಲ್ಲ. ಜೈಕರನ್ ಎಂಜಿನ್ ಚಾಲೂ ಮಾಡಿ ಕೂತೇ ಇದ್ದ.

"ಹೀಗಿದ್ರೆ ನಾಳೆ ಹೊರಡ್ತೀಯ" ಎಂದು ಗೊಣಗಿ ಕ್ಲೇರ್ಮಾಂಟ್ ರಸ್ತೆಗಿಳಿದ. ಎಡಗೈಯಲ್ಲಿ ತಟ್ಟೆ, ಸಾರು ಮೆತ್ತಿದ ಬಲಗೈಯನ್ನು ಲಾರಿಗೆ ಅಡ್ಡ ಎತ್ತಿದ. ಮುಂದಿನ ಲಾರಿ ಕಿರುಚಿಕೊಂಡು ನಿಂತಿತು. ಚಾಲಕ ಏನೋ ಬೈದ. ಇವನು ಅಗಿಯುತ್ತಲೇ ಅವನಿಗೊಂದು ಬೈದ. ಆ ಸಂದಿಯಲ್ಲಿ ಜೈಕರನ್ ಕಾರನ್ನು ಮನೆಯಂಗಳದಿಂದ ಹೊರಗೆ ತೆಗೆದ.