ಕಟ್ಟಿಗೆ ಹೊರೆ ಹೊತ್ತ ಹುಳ

ಕೂಡ್ಲಿಗಿ ಸುತ್ತಿನ ಕುರುಚಲು ಕಾಡಿನಲ್ಲಿ ಜಾಲಿ ಗಿಡ ಕಂಡರೆ ಆ ಹುಳವೂ ಕಂಡಂತೆಯೇ. ಕಡ್ಡಿ, ಮುಳ್ಳುಗಳನ್ನು ತನ್ನದೇ ನೂಲಿನಿಂದ ಬಿಗಿದು, ಬೆರಳುದ್ದದ ಆ ಹೊರೆಯೊಳಗೇ ಕೂತು ಟೊಂಗೆಗೆ ಜೋತುಬಿದ್ದಿರುತ್ತದೆ. ಹೋದ ಜನ್ಮದಲ್ಲಿ ಕಟ್ಟಿಗೆ ಕದ್ದವರು ಹೀಗೆ ಹುಟ್ಟುತ್ತಾರೆಂದು ನಮ್ಮ ಓಣಿಯ ಹಿರಿಯರು ಹೇಳುತ್ತಿದ್ದರು.

ನಮ್ಮ ಅಜ್ಜಿ ಇದನ್ನು ನಂಬಿದ್ದಳು. ಅಜ್ಜ ಬೇಗ ತೀರಿಕೊಂಡ ಮೇಲೆ ಫಾರೆಸ್ಟ್ ಗಾರ್ಡನ ಕಣ್ಣು ತಪ್ಪಿಸಿ ಸರ್ಕಾರಿ ಕಾಡಿನ ಕಟ್ಟಿಗೆ ಕಡಿದು, ಹೋಟೆಲುಗಳಿಗೆ ಮಾರಿ, ನಮ್ಮಪ್ಪನನ್ನೂ ಅತ್ತೆಯರನ್ನೂ ಸಾಕಿದವಳು. ಅವಳು ಜಗಳಕ್ಕೆ ನಿಂತರೆ ಗಾರ್ಡೇ ಹಿಂದೆ ಸರಿಯುತ್ತಿದ್ದನಂತೆ. ಎಪ್ಪತ್ತರ ದಶಕದ ಕೊನೆಗೆ ಕಾಲು ಸೋತು ಹಾಸಿಗೆ ಹಿಡಿದಾಗ ಮಾತ್ರ ಈ ಹುಳಕ್ಕೆ ಹೆದರತೊಡಗಿದಳು. "ನನಗ ಅದೇ ಜನ್ಮ ಕಟ್ಟಿಟ್ಟದ್ದು" ಎನ್ನುವಳು. ಅಪ್ಪ ನಕ್ಕುಬಿಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಉಂಡವರು ನಾವು, ಶಿಕ್ಷೆ ಅವಳಿಗೇಕೆ?

ಆಗ ನಾನು ಬಸ್ಸಿನಲ್ಲಿ ಕೊಟ್ಟೂರಿಗೆ ಹೋಗಿ ಪಿಯುಸಿ ವಿಜ್ಞಾನ ಓದುತ್ತಿದ್ದೆ. ಹುಳದ ಗೂಡುಗಳನ್ನು ಟೊಂಗೆ ಸಮೇತ ತಂದು ಗಾಜಿನ ಡಬ್ಬಿಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಜಾಲಿ ಸೊಪ್ಪು ಹಾಕಿದೆ. ಕೊನೆಗೊಂದು ಬೆಳಿಗ್ಗೆ ಗೂಡಿನ ತುದಿಯಿಂದ ಕಂದು ಬಣ್ಣದ ಪತಂಗ ಹೊರಬಂದು ರೆಕ್ಕೆ ಬಡಿಯುತ್ತಿತ್ತು. ಕಾಲೇಜಿನ ಪುಸ್ತಕದ ಚಿತ್ರಕ್ಕೆ ಹೋಲಿಸಿದೆ, ಅದೇ. ಡಬ್ಬಿಯನ್ನು ಅಜ್ಜಿಯ ಬಳಿ ಒಯ್ದೆ.

"ನೋಡಬೇ ಅಜ್ಜಿ, ಇದೊಂದು ಪತಂಗ ಅಷ್ಟ. ಹೊರಿ ಬಿಟ್ಟು ಹಾರಿ ಹೋಗ್ತೈತಿ."

ಬಟ್ಟೆ ಬಿಚ್ಚಿದೆ. ಅದು ಬಾಗಿಲಾಚೆ ಹಾರಿತು. ಅಜ್ಜಿ ಅದು ಹೋದ ಕಡೆಯೇ ನೋಡುತ್ತ, "ಇದು ಗಂಡೋ ಹೆಣ್ಣೋ?" ಎಂದಳು.

"ಗಂಡು."

"ಹೆಣ್ಣು?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

"ಹೆಣ್ಣಿಗೆ ರೆಕ್ಕಿ ಬರಂಗಿಲ್ಲಬೇ. ಹೊರಿಯೊಳಗ ಇದ್ದು, ಅಲ್ಲೇ ತತ್ತಿ ಇಟ್ಟು ಸಾಯ್ತೈತಿ."

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಯಾಕಾದರೂ ಈ ಉಸಾಬರಿಗೆ ಹೋದೆನೋ ಅನ್ನಿಸಿ ನನಗೆ ಅಳುವೇ ಬಂತು.

"ಮತ್ತ ಮರಿ?" ಎಂದಳು.

"ಅವು ಹೊರಗ ಬರ್ತಾವು. ನೂಲಿನ ಎಳಿ ಬಿಟ್ಟು ಜೋತಾಡ್ತಾವು, ಗಾಳಿ ಬ್ಯಾರೆ ಗಿಡಕ್ಕ ಒಯ್ತೈತಿ."

"ಹೊಟ್ಟಿಗೆ ಸಿಗ್ತೈತೇನು ಅವಕ್ಕ?"

"ಸಿಗ್ತೈತಿ. ನಮ್ಮ ಕಡೆ ಜಾಲಿಗೇನು ಬರ?"

ಅಜ್ಜಿ ಕೌದಿ ಎಳೆದುಕೊಂಡು ಗೋಡೆಯ ಕಡೆ ಮಗ್ಗುಲಾದಳು.

"ಹಂಗಾರ ಬರ್ಲಿ ಬಿಡು, ಅದೇ ಜನ್ಮ" ಎಂದಳು.