ಗೋಡೆಯ ಮುಂದೆ ನಿಂತ ಬಾವ

ಜತೆಯಲ್ಲಿ ನಡೆಯುವವರು ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ಗಮನಿಸುವುದು ನನಗೊಂದು ಚಟ. ಕೆಲವರು ಜಿಲೇಬಿ ಕಂಡಲ್ಲಿ ನಿಲ್ಲುತ್ತಾರೆ, ಕೆಲವರು ಜಗಳ ಕಂಡಲ್ಲಿ. ನನ್ನ ಬಾವ, ಅಂದರೆ ಅಕ್ಕನ ಗಂಡ, ನಿಲ್ಲುತ್ತಿದ್ದುದು ಸತ್ತವರ ಪೋಸ್ಟರಿನ ಮುಂದೆ.

ತಮಿಳುನಾಡಿನ ನಮ್ಮ ಅವಿನಾಶಿಯಲ್ಲಿ ಯಾರಾದರೂ ತೀರಿಕೊಂಡರೆ ಊರಿನ ಗೋಡೆಗಳ ಮೇಲೆ ಅವರ ಫೋಟೋ ಬಂದುಬಿಡುತ್ತದೆ. ತಮಿಳಿನಲ್ಲಿ ದಪ್ಪಕ್ಷರದ ಕಣ್ಣೀರಿನ ಅಂಜಲಿ, ಕೆಳಗೆ ದುಃಖಿಸುವ ಬಂಧುಗಳ ಹೆಸರು. ಬದುಕಿದ್ದಾಗ ಮಾತು ಬಿಟ್ಟಿದ್ದವರೂ ಅಲ್ಲಿ ಸಾಲಾಗಿ ದುಃಖಿಸುತ್ತಿರುತ್ತಾರೆ.

ಬಾವನಿಗೆ ಮನೆಯಲ್ಲೇ ಪವರ್‌ಲೂಮ್ ಮಗ್ಗಗಳಿವೆ. ನಾನು ನಿವೃತ್ತ ಮೇಷ್ಟ್ರು. ಸಕ್ಕರೆ ಕಾಯಿಲೆಯ ದೆಸೆಯಿಂದ ಸಂಜೆ ನಡೆಯಬೇಕಾಗಿ ಬಂದಾಗ ಅವರನ್ನೂ ಎಳೆದುಕೊಂಡು ಹೊರಟೆ. “ದಿನಾಲೂ ತರಿ ಸಂದೀಲಿ ನಡೀತೀನಲ್ಲಪ್ಪ, ಇನ್ನೇನು ವಾಕಿಂಗು?” ಎಂದು ಗೊಣಗಿದರು. ತರಿ ಎಂದರೆ ಮಗ್ಗ. ನಮ್ಮ ಮನೆಗನ್ನಡದಲ್ಲಿ ಅರ್ಧ ತಮಿಳೇ. ಅಕ್ಕ ಚಪ್ಪಲಿ ತಂದಿಟ್ಟದ್ದರಿಂದ ಮಾತು ಮುಗಿಯಿತು.

ಮೊದಮೊದಲು ಚೆನ್ನಾಗಿಯೇ ನಡೆದರು. ಆಮೇಲಾಮೇಲೆ ಪೋಸ್ಟರ್ ಓದುವ ಹುಚ್ಚು ಹತ್ತಿತು. ಏರುದಾರಿ ಬಂತೋ, ಒಂದು ಪೋಸ್ಟರ್. ಇನ್ನೊಂದಿಷ್ಟು ನಡೆದರೆ ಮತ್ತೊಂದು. ವಯಸ್ಸಾಯಿತು, ವೈರಾಗ್ಯ ಬಂದಿದೆ ಎಂದುಕೊಂಡೆ. ಮೇಷ್ಟ್ರುಗಳಿಗೆ ಇಂಥ ವಿವರಣೆಗಳು ಸಲೀಸಾಗಿ ಹೊಳೆಯುತ್ತವೆ.

ಒಂದು ಸಂಜೆ ಅವರ ಕನ್ನಡಕ ಟಿವಿಯ ಮೇಲೇ ಉಳಿದದ್ದನ್ನು ಹೊರಡುವಾಗ ನೋಡಿದ್ದೆ. ಕನ್ನಡಕವಿಲ್ಲದೆ ಅವರಿಗೆ ಬಸ್ಸಿನ ಬೋರ್ಡೂ ಕಾಣದು. ಆದರೂ ಗೋಡೆಯ ಮುಂದೆ ತನ್ಮಯರಾಗಿ ನಿಂತಿದ್ದರು.

“ಯಾರು ಬಾವ ತೀರಿಕೊಂಡಿದ್ದು?”

“ಯಾರೋ, ಪಾವ.” ನಮ್ಮ ಮನೆಗನ್ನಡದಲ್ಲಿ ‘ಪಾಪ’ ಎನ್ನುವುದು ಹಾಗೆ.

“ಗಂಡಸೋ, ಹೆಂಗಸೋ?”

ಅವರ ಅಂಗೈ ಮೆಲ್ಲಗೆ ಎದೆ ಉಜ್ಜುತ್ತಿತ್ತು.

“ಗ್ಯಾಸು ಕಣಪ್ಪ. ಒಂಚೂರು ನಿಂತ್ರೆ ಸರಿಹೋಗುತ್ತೆ. ರೋಡಲ್ಲಿ ಸುಮ್ನೆ ನಿಂತ್ರೆ ಎಲ್ಲಾರೂ ಏನಾಯ್ತು ಅಂತಾರೆ. ಪೋಸ್ಟರ್ ಮುಂದೆ ನಿಂತ್ರೆ ಯಾರೂ ಕೇಳಲ್ಲ. ಅಕ್ಕನಿಗೆ ಹೇಳ್ಬೇಡ.”

ಇಷ್ಟು ದಿನ ಅವರು ಓದುತ್ತಿರಲಿಲ್ಲ, ಸುಧಾರಿಸಿಕೊಳ್ಳುತ್ತಿದ್ದರು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅದೇ ಗೋಡೆಯಲ್ಲಿ ಅವರ ಫೋಟೋವನ್ನೇ ನೋಡಬೇಕಾಗುತ್ತಿತ್ತೇನೋ. ಅಕ್ಕನಿಗೆ ಹೇಳಿದೆ. ಮರುದಿನ ಬೆಳಿಗ್ಗೆಯೇ ಕೊಯಮತ್ತೂರಿನ ಆಸ್ಪತ್ರೆಗೆ ಹೋದೆವು.

“ನಡೆದರೆ ಬರುತ್ತೆ, ನಿಂತರೆ ಹೋಗುತ್ತೆ” ಎಂದು ಬಾವ ಹೇಳಿದ ಕೂಡಲೇ ಡಾಕ್ಟರ್ ತಲೆಯೆತ್ತಿದರು. ಗ್ಯಾಸಿಗೆ ಅಂಥ ಶಿಸ್ತು ಕಡಿಮೆಯಂತೆ. ಹೃದಯದ್ದು ಒಂದು ವಿಚಿತ್ರ: ಮೈಗೆಲ್ಲ ರಕ್ತ ಹಂಚುವ ಅದು ತನ್ನ ಪಾಲನ್ನು ಮೇಲೆ ಹೊದ್ದ ಸಣ್ಣ ನಾಳಗಳಿಂದಲೇ ಪಡೆಯಬೇಕು. ಅವುಗಳ ಒಳಗೋಡೆಯಲ್ಲಿ ಕೊಬ್ಬು ಕೂತು ದಾರಿ ಕಿರಿದಾದರೆ, ಕೂತಾಗ ಸಾಲುವ ರಕ್ತ ಏರು ಹತ್ತುವಾಗ ಸಾಲುವುದಿಲ್ಲ. ನೋವು ಎದೆಯಲ್ಲೇ ಬರಬೇಕೆಂದೂ ಇಲ್ಲ. ತೋಳಿಗೆ, ಬೆನ್ನಿಗೆ, ದವಡೆಗೂ ಬರಬಹುದು. ಕೆಲವರಿಗೆ, ಅದರಲ್ಲೂ ಹೆಂಗಸರಿಗೆ, ಬರೀ ಸುಸ್ತು. ನಿಂತಿದ್ದಾಗಲೂ ಹೋಗದ ನೋವಾದರೆ ಒಂದು ಗಳಿಗೆಯೂ ಕಾಯಬಾರದು. ಇದನ್ನೆಲ್ಲ ಅಲ್ಲೇ ಕಲಿತು, ಊರಿಗೆ ಬಂದು ಸಿಕ್ಕಸಿಕ್ಕವರಿಗೆ ಪಾಠ ಮಾಡಿದೆ.

ಬಾವನ ಒಂದು ನಾಳ ಮುಚ್ಚುವುದರಲ್ಲಿತ್ತು. ಅಲ್ಲಿಗೆ ಸ್ಟೆಂಟ್ ಕೂರಿಸಿದರು. ಬೀಡಿ ಹೋಯಿತು, ಮಾತ್ರೆ ಬಂತು. ಅಕ್ಕ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದಳು. ಒಮ್ಮೆ ಕರಿದ ಎಣ್ಣೆ ಮತ್ತೆ ಬಾಣಲೆಗೆ ಬೀಳುವುದು ನಿಂತಿತು. ಮಗ್ಗದ ಸಂದಿಯ ನಡಿಗೆ ನಾಲ್ಕು ಹೆಜ್ಜೆ ಹಾಕಿ ನಿಲ್ಲುವ ನಡಿಗೆ, ಅದು ಸಾಲದು ಎಂದು ಡಾಕ್ಟರ್ ಹೇಳಿದ್ದನ್ನು ಬಾವ ತುಸು ಅವಮಾನವೆಂದೇ ತೆಗೆದುಕೊಂಡರು. ಈಗ ಸಂಜೆ ನನಗಿಂತ ಮುಂದೆ ಅವರೇ.

ಹೋದ ತಿಂಗಳು ಅದೇ ಏರಿನಲ್ಲಿ ನಾನು ಹಿಂದೆ ಬಿದ್ದೆ. ಎಡದವಡೆ ಎರಡು ವಾರದಿಂದ ಆಗಾಗ ನೋಯುತ್ತಿತ್ತು, ಹಲ್ಲಿರಬೇಕು ಎಂದುಕೊಂಡಿದ್ದೆ. ಒಂದು ಪೋಸ್ಟರ್ ಸಿಕ್ಕಿತು, ನಿಂತೆ. ಬಾವ ತಿರುಗಿ ಬಂದರು.

“ಯಾರಪ್ಪ?”

“ಯಾರೋ, ಪಾವ,” ಎಂದೆ.

ಅವರು ಪೋಸ್ಟರಿನ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿದರು, ಆಮೇಲೆ ನನ್ನ ಖಾಲಿ ಜೇಬು.

“ಕನ್ನಡಕ ಎಲ್ಲಿ?”

ನಾನು ದವಡೆ ಒತ್ತಿಕೊಂಡೆ.

“ನಡಿ ಆಸ್ಪತ್ರೆಗೆ. ಬೇಡ, ನಡೀಬೇಡ. ಇಲ್ಲೇ ಕೂರು, ಆಟೋ ಕರೀತೀನಿ.”

ಪಾಠ ಮಾಡಿದ ಮೇಷ್ಟ್ರು ಅಂಗಡಿಯೊಂದರ ಮೆಟ್ಟಿಲ ಮೇಲೆ ತೆಪ್ಪಗೆ ಕೂತರು. ಆಟೋ ಬರುವವರೆಗೆ ನನಗೆ ಬೇಜಾರಾಗದಿರಲೆಂದು ಬಾವ ಆ ಪೋಸ್ಟರನ್ನು ಹೆಸರು, ಊರು, ದುಃಖಿಸುವ ಬಂಧುಗಳ ಸಮೇತ ಪೂರ್ತಿ ಓದಿ ಹೇಳಿದರು. ಅವರು ಕನ್ನಡಕ ತಂದಿದ್ದರು.